ಹಕ್ಕಲಿನ ಗಿಟಾರ್

ನಮ್ಮ ಮನೆಯಲ್ಲಿ ಕಾಫಿಗೆ ಒಂದು ಕೋಣೆಯಿತ್ತು, ನನಗಿರಲಿಲ್ಲ ಎಂದು ಮೊದಲು ಬರೆದೆ. ಆಮೇಲೆ ಹೊಡೆದುಹಾಕಿದೆ. ವಾಕ್ಯ ಕೇಳಲು ಚೆನ್ನಾಗಿತ್ತು, ಆದರೆ ಪೂರ್ತಿ ನಿಜವಲ್ಲ. ಕೋಣೆ ನನ್ನದೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. 'ಸವಿ ಕೋಣೇಲಿ ಹಾಕಿ' ಎಂದರೆ ಯಾವ ಕೋಣೆ ಎಂದು ಯಾರೂ ಕೇಳಬೇಕಿರಲಿಲ್ಲ. ಹಾಕುತ್ತಿದ್ದುದು ಮಾತ್ರ ಕಾಫಿ ಮೂಟೆ. ಯಸಳೂರು ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ತೋಟ. ಅಲ್ಲಿ ಬೆಳೆದದ್ದನ್ನು ಒಣಗಿಸಿದ ಕೂಡಲೇ ಮಾರುವುದು ಅಪ್ಪನ ದೃಷ್ಟಿಯಲ್ಲಿ ಅವಮಾನ. ರೇಟ್ ಬರಬೇಕು. ರೇಟ್ ಬರುವ ತನಕ ಮೂಟೆಗಳು ನನ್ನ ಜೊತೆ ಮಲಗುತ್ತಿದ್ದವು. ಸಂಕ್ರಾಂತಿ ಕಳೆಯುವಾಗ ಅವು ಮಂಚದ ಎತ್ತರಕ್ಕೆ ಬಂದಿರುತ್ತಿದ್ದವು, ಶಿವರಾತ್ರಿಯ ಹೊತ್ತಿಗೆ ಕಿಟಕಿಯ ಅರ್ಧ ಮುಚ್ಚಿಹೋಗಿರುತ್ತಿತ್ತು. ಒಣಗಿದ ಕಾಫಿ ಹಣ್ಣಿಗೆ ಹಳೇ ಬೆಲ್ಲದಂಥ, ಸ್ವಲ್ಪ ಹುಳಿಯಾದ ಒಂದು ವಾಸನೆಯಿದೆ. ಅದು ನನ್ನ ಕಾಲೇಜಿನ ಬಟ್ಟೆಯಲ್ಲೂ ಇರುತ್ತಿತ್ತು. ಸಕಲೇಶಪುರದ ಬಸ್ಸು ಹತ್ತಿದರೆ ಹಿಂದಿನ ಸೀಟಿನ ಹುಡುಗಿಯರು 'ಸ್ಟೋರ್ ಬಂತು' ಎನ್ನುತ್ತಿದ್ದರು.

ಮನೆಯಲ್ಲಿ ಇದ್ದವರು ನಾವು ನಾಲ್ವರು: ಅಪ್ಪ, ಅಮ್ಮ, ನಾನು ಮತ್ತು ಅಪ್ಪನ ಅಕ್ಕ. ನಾನು ಬರಿ ಅತ್ತೆ ಎನ್ನುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ನಾನು ಹುಟ್ಟುವ ಮೊದಲೇ. ಅವಳಿಗೆ ಕೋಣೆ ಎಂದು ಹೆಸರಿಗೂ ಇರಲಿಲ್ಲ. ನಡುಮನೆಯ ದೇವರ ಗೂಡಿನ ಕೆಳಗೆ ಅವಳ ಚಾಪೆ ಸುತ್ತಿಟ್ಟಿರುತ್ತಿತ್ತು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿ ಅವಳು ಅಡುಗೆಮನೆಗೆ ಕಾಲಿಟ್ಟರೆ ಅಮ್ಮ ತಾನಾಗಿಯೇ ಒಲೆಯ ಎಡಗಡೆಗೆ ಸರಿಯುತ್ತಿದ್ದಳು. ಇಬ್ಬರೂ ಜಗಳವಾಡಿದ್ದು ನನಗೆ ನೆನಪಿಲ್ಲ. ಮಾತಾಡಿದ್ದೂ ಹೆಚ್ಚು ನೆನಪಿಲ್ಲ. ರೊಟ್ಟಿ ತಟ್ಟುವವಳು ಒಬ್ಬಳು, ಬೇಯಿಸುವವಳು ಒಬ್ಬಳು.

ಸಂಜೆಯಾದರೆ ಮನೆ ಇನ್ನೊಂದು ರೀತಿಯಲ್ಲಿ ಮುಚ್ಚಿಕೊಳ್ಳುತ್ತಿತ್ತು. ಹೆಗ್ಗದ್ದೆ ಕಡೆಯ ಕಾಡಿನಿಂದಲೋ ಆಲೂರು ಕಡೆಯ ತೋಟಗಳಿಂದಲೋ ಆನೆ ಇಳಿಯುತ್ತಿತ್ತು. ಈಗ ಹಿಂಡು ಎಲ್ಲಿದೆ ಎಂದು ಎಲ್ಲರ ಮೊಬೈಲಿಗೂ ಸಂದೇಶ ಬರುತ್ತದೆ. ಆಗ ಪಕ್ಕದ ತೋಟದವರು ಫೋನು ಒಂದು ಸಲ ಬಡಿಸಿ ಇಟ್ಟುಬಿಡುತ್ತಿದ್ದರು, ಅಷ್ಟೇ. ಆರು ಗಂಟೆಯ ಮೇಲೆ ಮಿಕ್ಸಿ ಇಲ್ಲ, ಟಿವಿ ಇಲ್ಲ. ಕುಕ್ಕರು ಕೂಗುವುದಿದ್ದರೆ ಅದಕ್ಕೆ ಮೊದಲೇ ಕೂಗಿ ಮುಗಿಸಬೇಕು. ಹುರುಳಿ ಸಾರು, ಅಕ್ಕಿ ರೊಟ್ಟಿ ತಟ್ಟೆಗೆ ಬೀಳುವಾಗಲೂ ಸದ್ದಾಗಬಾರದು. ಒಮ್ಮೆ ನಾನು ಪಾಠ ಗಟ್ಟಿಯಾಗಿ ಓದಿದಾಗ ಅಪ್ಪ ಬಂದು ಪುಸ್ತಕದ ಮೇಲೆ ಮೆಲ್ಲಗೆ ಕೈಯಿಟ್ಟ.

"ಮನಸಿನಾಗೆ ಓದ್ಕೊ ಮಗಾ. ಮನೆಗೂ ಕಿವಿ ಬೇಕು. ನಾವ್ ಗದ್ದಲ ಮಾಡಿದ್ರೆ ಮನೆ ಕಿವುಡಾಗ್ಬುಡ್ತದೆ."

ಮೊನ್ನೆ ಫೋನಿನಲ್ಲಿ ಇದನ್ನು ಅಮ್ಮನಿಗೆ ನೆನಪಿಸಿದೆ. ಅವಳು ನಕ್ಕಳು. ನಾವು ದಿನಾ ರಾತ್ರಿ ಊಟ ಮಾಡುತ್ತಾ ಧಾರಾವಾಹಿ ನೋಡುತ್ತಿದ್ದೆವಂತೆ, ಆನೆ ಸುದ್ದಿ ಇದ್ದ ದಿನ ಮಾತ್ರ ಟಿವಿ ಹಾಕುತ್ತಿರಲಿಲ್ಲವಂತೆ. ಅಮ್ಮ ಸುಳ್ಳು ಹೇಳುವವಳಲ್ಲ. ಆದರೆ ನನ್ನ ನೆನಪಿನಲ್ಲಿ ಆ ಧಾರಾವಾಹಿಯ ಒಂದು ಮುಖವೂ ಇಲ್ಲ. ಕಿವಿಗೊಟ್ಟು ಕೂತ ನಾಲ್ಕು ಜನ, ನಡುವೆ ತಟ್ಟೆಗಳು, ಇಷ್ಟೇ ಇದೆ. ಕೆಲವು ದಿನಗಳ ಮೌನ ಉಳಿದ ದಿನಗಳನ್ನೆಲ್ಲ ನುಂಗಿಕೊಂಡಿರಬೇಕು.

ಹಗಲಿಗೆ ಮೌನವಿರಲಿಲ್ಲ, ಕರೆ ಇತ್ತು. ಸವೀ, ಕಣಕ್ಕೆ ದನ ಬಂತು. ಸವೀ, ಕಾಫಿ ತಿರುವಿ ಹಾಕು. ಸವೀ, ನೀರು ಬಿಡು, ಸೌದೆ ತಾ, ನೋಡು ಯಾರೋ ಬಂದರು. ಇದರಲ್ಲಿ ಯಾವ ಕ್ರೌರ್ಯವೂ ಇರಲಿಲ್ಲ. ನಮ್ಮಲ್ಲಿ ಯಾರ ಕೈಯೂ ಖಾಲಿ ಇರುತ್ತಿರಲಿಲ್ಲ, ಆದ್ದರಿಂದ ಕೈ ಖಾಲಿಯಿದ್ದವರು ಎಲ್ಲರ ಆಸ್ತಿ. ಪುಸ್ತಕ ಹಿಡಿದರೆ ಒಂದಿಷ್ಟು ರಿಯಾಯಿತಿ ಸಿಗುತ್ತಿತ್ತು, ಅದೂ ಪರೀಕ್ಷೆ ಹತ್ತಿರವಿದ್ದರೆ. ಉಳಿದಂತೆ ನಾನು ಮನೆಯಲ್ಲಿ ಇದ್ದೇನೆ ಎಂದರೆ ಯಾರೋ ಒಬ್ಬರ ಬಾಯಲ್ಲಿ ಇದ್ದೇನೆ ಎಂದೇ ಅರ್ಥ.

ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಸುರೇಶಣ್ಣನ ಹೋಂಸ್ಟೇ ಇತ್ತು. ಮೂರು ಕೋಣೆ, ಬೆಂಕಿ ಹಾಕುವುದಕ್ಕೆ ಒಂದು ಗುಂಡಿ, ಗೇಟಿನ ಮೇಲೆ ನೀಲಿ ಬೋರ್ಡು. ಮೊದಲ ಪಿಯುಸಿಯ ಒಂದು ಬೆಳಿಗ್ಗೆ ಅಲ್ಲಿಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಗಿಟಾರ್ ಹಿಡಿದು ಕೂತಿದ್ದಳು. ತಲೆ ಬಾಚಿರಲಿಲ್ಲ. ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತಿದ್ದಳು, ತಪ್ಪುತ್ತಿದ್ದಳು, ಮತ್ತೆ ನುಡಿಸುತ್ತಿದ್ದಳು. ಸಂಗೀತ ನನ್ನನ್ನು ಸೆಳೆಯಿತು ಎಂದರೆ ಆತ್ಮಕಥೆಗೆ ಒಪ್ಪುತ್ತದೆ. ಆದರೆ ನಾನು ಗೇಟಿನ ಹತ್ತಿರ ನಿಂತದ್ದು ಬೇರೆಯದಕ್ಕೆ. ಒಳಗಿನಿಂದ ಅವಳ ಗಂಡನೋ ಸ್ನೇಹಿತನೋ ಬಂದ, ಅವಳಿಗೆ ಏನೋ ಹೇಳಬೇಕೆಂದು ಬಾಯಿ ತೆರೆದ, ತೊಡೆಯ ಮೇಲಿನ ಗಿಟಾರ್ ನೋಡಿದ, ಸುಮ್ಮನೆ ಒಳಗೆ ಹೋದ. ಆ ಹೆಂಗಸು ತಲೆ ಕೂಡ ಎತ್ತಲಿಲ್ಲ. ಯಾರೂ ಕರೆಯದ ಹಾಗೆ ಕೂರುವ ಒಂದು ವಿದ್ಯೆ ಲೋಕದಲ್ಲಿದೆ ಎಂದು ನನಗೆ ಗೊತ್ತಾದದ್ದು ಅವತ್ತು. ಬಸ್ಸು ತಪ್ಪಿತು.

ಮುಂದಿನ ವರ್ಷ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಸುರೇಶಣ್ಣ ಹೋಂಸ್ಟೇ ಮುಚ್ಚಿದ. ಬಂದವರು ಬೆಂಕಿ ಹಾಕಿಕೊಂಡು ಕಿರುಚುತ್ತಾರೆ, ಕಿರುಚಿದ ಮಾರನೇ ದಿನ ಆನೆ ಬಂದು ನೀರಿನ ಟ್ಯಾಂಕು ಉರುಳಿಸುತ್ತದೆ, ಎರಡಕ್ಕೂ ತನ್ನನ್ನೇ ಬೈಯುತ್ತಾರೆ ಎನ್ನುವುದು ಅವನ ದೂರು. ಸಾಮಾನನ್ನೆಲ್ಲ ಅಂಗಳದಲ್ಲಿ ಹರವಿ ಮಾರುತ್ತಿದ್ದ: ಪ್ಲಾಸ್ಟಿಕ್ ಕುರ್ಚಿ, ಸ್ಟೀಲ್ ಲೋಟ, ಎರಡು ಟೆಂಟು, ಗಿಟಾರ್ ಒಂದು. ಗಿಟಾರ್ ಆ ಹೆಂಗಸಿನದಲ್ಲ, ಹೋಂಸ್ಟೇಯದ್ದೇ. ಜೇನಿನ ಬಣ್ಣ, ಹಿಂಭಾಗಕ್ಕೆ ಬೂಷ್ಟು, ಮೈಯೆಲ್ಲ ಹೊಗೆ ವಾಸನೆ, ಯಾರೋ ಅಂಟಿಸಿದ ಒಂದು ಸಮುದ್ರದ ಚಿತ್ರ.

"ಬೋರ್ಡಿನಾಗೆ ಮ್ಯೂಸಿಕ್ ಅಂತ ಬರ್ಸ್‌ಬುಟ್ಟಿದ್ದೆ, ಅದುಕ್ಕೆ ತರ್ಬೇಕಾಯ್ತು," ಎಂದ ಸುರೇಶಣ್ಣ. "ಆರು ತಂತಿ ಅಂತ ಲೆಕ್ಕ, ಐದೈತೆ. ಬಾರ್ಸಕ್ ಬರ್ದೆ ಇರೋರ್ಗೆ ಐದು ಸಾಕು."

ದುಡ್ಡಿಲ್ಲ ಎಂದೆ. ಹಕ್ಕಲು ಇಲ್ಲವೇ ಎಂದು ಅವನೇ ಕೇಳಿದ.

ಹಕ್ಕಲು ಎಂದರೆ ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ, ಎಲೆಯ ಕೆಳಗೆ ಉಳಿದುಹೋದದ್ದನ್ನು ಆಯುವುದು. ಬೇರೆ ಕಡೆ ಗದ್ದೆಯ ತೆನೆಗೆ ಹೇಳುವ ಮಾತನ್ನು ನಮ್ಮ ಮನೆಯಲ್ಲಿ ಕಾಫಿಗೂ ಹೇಳುತ್ತಿದ್ದರು. ಆಯ್ದದ್ದು ಆಯ್ದವರದು, ಯಜಮಾನ ಅದನ್ನು ಕೇಳುವಂತಿಲ್ಲ, ಮನೆಯ ಕಾಫಿಯೊಂದಿಗೆ ಬೆರೆಸುವಂತಿಲ್ಲ. ಹಕ್ಕಲು ಎಂಬ ಮಾತು ಹಕ್ಕು ಎಂಬುದರಿಂದಲೇ ಬಂದಿದೆ ಎಂದು ನಾನು ಬಹಳ ದಿನ ನಂಬಿದ್ದೆ. ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ನಿಘಂಟು ನೋಡಿದೆ. ಎರಡಕ್ಕೂ ಸಂಬಂಧವಿಲ್ಲ, ಹಕ್ಕಲು ಇಲ್ಲಿಯದು, ಹಕ್ಕು ಎಲ್ಲಿಂದಲೋ ಬಂದು ಸೇರಿಕೊಂಡದ್ದು. ಆದರೂ ನಂಬಿಕೆ ಪೂರ್ತಿ ಹೋಗಿಲ್ಲ. ಆ ವರ್ಷ ನಾನು ಆಯ್ದದ್ದು ಅರ್ಧ ಮೂಟೆಯಾಗಿತ್ತು, ಮಣ್ಣು ಮೆತ್ತಿದ, ಕಪ್ಪಾದ, ಯಾರೂ ಬೆಲೆ ಕಟ್ಟದ ಕಾಯಿ. ತಂದು ಹಾಕು, ಗಿಟಾರ್ ತೆಗೆದುಕೊಂಡು ಹೋಗು ಎಂದ ಸುರೇಶಣ್ಣ. ನಾನು ನಂಬದೆ ನಿಂತದ್ದನ್ನು ಕಂಡು, ಟೆಂಟೂ ಬೇಕೇನೆ ಎಂದು ಕೇಳಿದ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಇಲ್ಲಿ ಬರೆಯುವುದು ಸುಲಭವಾಗುತ್ತಿತ್ತು. ಗಿಟಾರನ್ನು ಆಚೀಚೆ ತಿರುಗಿಸಿ ನೋಡಿ, ಮರ ಹಗುರ ಐತೆ, ಹಲಸಲ್ಲ ಎಂದ. ಆಮೇಲೆ, ಎಲ್ಲಿ ಇಡ್ತೀಯ ಎಂದು ಕೇಳಿದ. ಮೂಟೆಗಳ ಸಾಲಿನ ಗೋಡೆಯ ಕಡೆಯ ತುದಿ ತಗ್ಗಾಗಿತ್ತು. ಅಲ್ಲಿ ಒಂದು ಹಳೇ ಸೀರೆ ಹಾಸಿ ಮಲಗಿಸಿದೆ. ಮರುದಿನದಿಂದ ಮಧ್ಯಾಹ್ನ ಕಣ ಕಾಯುವಾಗ ಜಗಲಿಯಲ್ಲಿ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಕೂತೆ. ಕಲಿಸುವವರಿರಲಿಲ್ಲ. ಬೆರಳ ತುದಿ ಕೆಂಪಗಾಗುವ ತನಕ ಒಂದೊಂದೇ ತಂತಿ ಒತ್ತಿ, ಎಲ್ಲೆಲ್ಲಿ ಯಾವ ಸದ್ದು ಬರುತ್ತದೆ ನೋಡುತ್ತಿದ್ದೆ. ಆ ಹೆಂಗಸಿನ ಹಾಗೆ ತಲೆ ತಗ್ಗಿಸಿಯೇ ಇದ್ದೆ. ಆದರೂ ಕರೆದರು. ಮೊದಲಿಗಿಂತ ಹೆಚ್ಚು ಕರೆದರು. ಸದ್ದು ಎಲ್ಲಿಂದ ಬರುತ್ತಿದೆಯೋ ಅಲ್ಲಿ ನಾನಿದ್ದೇನೆ ಎಂದು ತೋಟದ ತುದಿಯವರೆಗೂ ಗೊತ್ತಾಗುತ್ತಿತ್ತು.

"ಒಳ್ಳೇದೇ ಆಯ್ತು ಬುಡಿ ಅತ್ತಿಗೆ," ಎಂದು ಅಮ್ಮ ಅತ್ತೆಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. "ಎಮ್ಮೆ ಕುತ್ತಿಗ್ಗೆ ಗಂಟೆ ಕಟ್ಟಿದಂಗೆ. ಎಲ್ಲವಳೆ ಅಂತ ಹುಡ್ಕೋದು ತಪ್ತು."

ಒಂದು ದಿನ ಕಾಲೇಜಿನಿಂದ ಬರುವಾಗ ಕಣದ ನಡುವೆ, ಹರವಿದ ಕಾಫಿಯ ಮಧ್ಯೆ ಗಿಟಾರ್ ಅಂಗಾತ ಮಲಗಿತ್ತು. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಅತ್ತೆ ಕೈಯಲ್ಲಿ ಮರದ ಹಲ್ಲಿನ ಹಲುಬೆ ಹಿಡಿದು ಕಾಫಿ ಎಳೆಯುತ್ತಾ, ಸಾಲು ಮುಗಿದಾಗಲೆಲ್ಲ ಬಗ್ಗಿ ಗಿಟಾರನ್ನೂ ಮಗುಚಿ ಹಾಕುತ್ತಿದ್ದಳು. ಬೆಳಗ್ಗೆಯಿಂದ ಹಾಗೇ ಮಾಡಿದ್ದಳಂತೆ. ಬೂಷ್ಟು ವಾಸನೆ ಬರುತ್ತಿತ್ತು, ಗಿಟಾರಿನ ಹೊಟ್ಟೆಯೊಳಗೆ ತೇವ ಇದೆ, ತೇವ ಇದ್ದದ್ದು ಮನೆಯೊಳಗಿದ್ದರೆ ಪಕ್ಕದ ಮೂಟೆಗೂ ಹಿಡಿಯುತ್ತದೆ ಎಂಬುದು ಅವಳ ಲೆಕ್ಕ. ಕಾಫಿಯವರ ಜೀವಮಾನದ ಭಯ ಅದು. ಕಾಫಿ ಒಣಗಿದೆಯೋ ಇಲ್ಲವೋ ಎಂದು ನಮ್ಮಲ್ಲಿ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ, ಸಿಪ್ಪೆಯೊಳಗೆ ಬೀಜ ಗಲಗಲ ಎನ್ನಬೇಕು. ಅತ್ತೆ ಗಿಟಾರ್ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಅದರ ತೂತಿನೊಳಗೆ ನಾಲ್ಕು ಕಾಫಿ ಬಿದ್ದಿರಬೇಕು.

"ಕೇಳು," ಎಂದಳು. "ಗಲಗಲ ಅಂತೈತೆ. ಇನ್ನ್ ನೂರು ವರ್ಷ ಇಡ್ಬೋದು."

ತಂತಿಗಳನ್ನು ಹಿಡಿದುಕೊಂಡಿದ್ದ ಮರದ ಪಟ್ಟಿ ಬಿಸಿಲಿಗೆ ಅಂಟು ಬಿಟ್ಟು ಒಂದು ಬದಿ ಮೇಲೆದ್ದಿತ್ತು. ಐದೂ ತಂತಿ ಸಡಿಲವಾಗಿ ಬಾಗಿದ್ದವು. ನಾನು ಅವತ್ತು ಅತ್ತುಬಿಟ್ಟೆ ಎಂದು ಅತ್ತೆ ಆಮೇಲೂ ಎಷ್ಟೋ ವರ್ಷ ಹೇಳಿಕೊಂಡು ನೊಂದಳು; ನಾನು ನಕ್ಕೆ ಎಂದು ನನ್ನ ನೆನಪು. ಯಾವುದಾದರೂ ಆಗಿರಬಹುದು, ಎರಡೂ ಆಗಿರಬಹುದು.

ಅಪ್ಪ ಅದನ್ನು ರಿಪೇರಿ ಮಾಡಲು ಕೂತ. ಹಳೇ ಅಂಟನ್ನು ಬ್ಲೇಡಿನಿಂದ ಕೆರೆದ, ಮರಕ್ಕೆ ಹಾಕುವ ಗೋಂದು ತಂದು ಬೆರಳಿನಿಂದ ಸವರಿದ, ಪಟ್ಟಿಯನ್ನು ಹಳೆಯ ಗುರುತಿಗೆ ಸರಿಯಾಗಿ ಕೂರಿಸಿದ. ಅಪ್ಪ ನನ್ನದೊಂದು ವಸ್ತುವಿನ ಮುಂದೆ ಅಷ್ಟು ಹೊತ್ತು ಕೂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಂಟು ಹಿಡಿಯಲು ಭಾರ ಬೇಕು ಎಂದು, ಗಿಟಾರನ್ನು ಮತ್ತೆ ಸಾಲಿನ ತಗ್ಗಿನ ತುದಿಯಲ್ಲೇ ಮಲಗಿಸಿ, ಹೋದ ವರ್ಷದ ಮೆಣಸು ಉಳಿದಿದ್ದ ಒಂದು ಸಣ್ಣ ಚೀಲವನ್ನು ಪಟ್ಟಿಯ ಮೇಲೆ ಕೂಸನ್ನು ಇಟ್ಟ ಹಾಗೆ ಇಟ್ಟ. ಭಾನುವಾರದ ತನಕ ಮುಟ್ಟಬೇಡ ಎಂದ.

ಭಾನುವಾರ ಬರುವ ಮೊದಲೇ ಒಂದು ಸಂಜೆ ಫೋನು ಒಂದು ಸಲ ಬಡಿದು ನಿಂತಿತು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಆನೆ ನಮ್ಮ ಕೆರೆಯ ಏರಿಯ ಮೇಲಿತ್ತು. ಕಣದಲ್ಲಿ ಆ ವರ್ಷದ ಕಾಫಿ ಬಹುಪಾಲು ಮೂಟೆಯಾಗಿ ಟಾರ್ಪಾಲಿನ ಕೆಳಗಿತ್ತು, ಮರುದಿನ ಒಳಗೆ ಹಾಕುವುದೆಂದು ಬಿಟ್ಟಿದ್ದರು. ಆನೆ ಕಣದ ಮೇಲೆ ನಡೆದರೆ ಒಂದು ವರ್ಷ ಮಣ್ಣಾಗುತ್ತದೆ. ದೀಪ ಆರಿಸಿ, ಚಪ್ಪಲಿ ಬಿಟ್ಟು, ಒಂದು ಮಾತಿಲ್ಲದೆ ಸಾಗಿಸಿದೆವು. ಕಣದಿಂದ ಜಗಲಿಗೆ ಅಮ್ಮ ಮತ್ತು ಅತ್ತೆ, ಜಗಲಿಯಿಂದ ಕೋಣೆಗೆ ಅಪ್ಪ, ಒಳಗೆ ಹಿಡಿದು ಕೂರಿಸಲು ನಾನು. ಸಾಲು ಏರಿತು. ತಗ್ಗಾಗಿದ್ದ ತುದಿ ಮಾತ್ರ ಉಳಿಯಿತು. ಅಪ್ಪ ಬೆನ್ನ ಮೇಲೆ ಮೂಟೆ ಹೊತ್ತು ಆ ಕಡೆಗೇ ಬಂದ. ಬಾಯಿ ತೆರೆಯುವಂತಿರಲಿಲ್ಲ, ಹೊರಗೆ ಬಾಳೆಯ ದಿಂಡು ಸಿಗಿಯುವ ಸದ್ದು ಕೇಳುತ್ತಿತ್ತು. ನಾನು ಅವನ ತೋಳು ಹಿಡಿದೆ. ಹೆದರಿದ್ದೇನೆ ಎಂದುಕೊಂಡ ಅಪ್ಪ ಒಂದು ಕೈಯನ್ನು ಮೂಟೆಯಿಂದ ಬಿಡಿಸಿ ನನ್ನ ಕೈಯನ್ನು ಎರಡು ಸಲ ತಟ್ಟಿದ. ಆಮೇಲೆ ಮೂಟೆ ಇಳಿಸಿದ. ಒಳಗೆ ಏನೋ ಲಟಕ್ಕೆಂದಿತು. ಅದರ ಮೇಲೆ ಇನ್ನೊಂದು ಮೂಟೆ ಬಂತು, ಅದರ ಮೇಲೆ ಮತ್ತೊಂದು.

ಆನೆ ಬಾಳೆ ತಿಂದು, ಬೇಲಿಯ ಬಿದಿರು ಮುರಿದು ಹೋಯಿತು. ಕಾಫಿ ಉಳಿಯಿತು ಎಂದು ಮಾರನೇ ದಿನ ಅಮ್ಮ ಪಾಯಸ ಮಾಡಿದಳು. ಭಾನುವಾರ ಕಳೆಯಿತು. ಗಿಟಾರ್ ಎಂದು ನಾನು ಬಾಯಿ ತೆಗೆದೆ. ಅಪ್ಪ ಸಾಲಿನ ಎತ್ತರ ನೋಡಿ, ಇರ್ಲಿ ಬುಡು, ಭಾರ ಇದ್ದಷ್ಟು ಚೆನ್ನಾಗಿ ಅಂಟ್ತದೆ, ರೇಟ್ ಬಂದಾಗ ತೆಗೆಯೋಣ ಎಂದ. ಅವನು ಅದನ್ನು ನಂಬಿ ಹೇಳಿದನೇ ಎನ್ನುವುದನ್ನು ನಾನು ಇವತ್ತಿಗೂ ಹೇಳಲಾರೆ. ಮನೆಗೆ ಬಂದವರು ಗಿಟಾರ್ ಎಲ್ಲಿ ಎಂದರೆ ಅಮ್ಮ 'ಕಾಪಿ ಕೆಳಗೆ ಕಾವಿಗೆ ಕೂತೈತೆ' ಎನ್ನುತ್ತಿದ್ದಳು, ಬಂದವರು ನಗುತ್ತಿದ್ದರು. ನಾನು ಮೂಟೆಗಳ ಪಕ್ಕ ಮಲಗುತ್ತಿದ್ದೆ. ಕೈ ಚಾಚಿದರೆ ಗೋಣಿ ಸಿಗುತ್ತಿತ್ತು. ಒಡೆದಿದೆ ಎಂದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಬೆಳಗಾದರೆ ಒಡೆಯದೆಯೂ ಇದ್ದಿರಬಹುದು ಅನ್ನಿಸುತ್ತಿತ್ತು. ಬೆಳಿಗ್ಗೆ ರೇಡಿಯೋದಲ್ಲಿ ಅಪ್ಪ ಧಾರಣೆ ಕೇಳುವಾಗ ನಾನೂ ಹೊಸಿಲ ಹತ್ತಿರ ಬಂದು ನಿಲ್ಲುತ್ತಿದ್ದೆ. ಮಗಳಿಗೆ ತೋಟದ ಆಸಕ್ತಿ ಬಂತು ಎಂದು ಅವನಿಗೆ ಖುಷಿಯಾಗುತ್ತಿತ್ತು.

ಹೂಮಳೆ ಬಿತ್ತು. ಗಿಡಗಳೆಲ್ಲ ಬೆಳ್ಳಗಾಗಿ, ಹೂವು ಕಂದಿ ಉದುರಿತು. ಕಣದಲ್ಲಿ ಕಾಫಿಯ ಜಾಗಕ್ಕೆ ಮೆಣಸು ಬಂತು. ಒಂದು ದಿನ ವ್ಯಾಪಾರಿಯೊಬ್ಬ ಬಂದು ಕಾಫಿ ಕೇಳಿದ. ಅಪ್ಪ ಕೊಡುವುದಿಲ್ಲ ಎಂದು ಕಳಿಸಿದ. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ನನ್ನ ತಟ್ಟೆ ನೋಡಿ, ಕಡುಬು ಯಾಕೆ ಹಾಗೇ ಇದೆ ಎಂದು ಕೇಳಿದಳು. ನಾನು ಸಾರಿನ ಬಗ್ಗೆ ಏನೋ ಹೇಳಲು ಹೊರಟವಳು ಬೇರೆಯದೇ ಹೇಳಿದೆ.

"ಅದು ಒಡ್ದೋಗೈತೆ."

"ಯಾವ್ದು?"

"ಗಿಟಾರು. ಆನೆ ಬಂದ ದಿನವೇ. ನಂಗೆ ಕೇಳುಸ್ತು."

ಅಪ್ಪ ತಟ್ಟೆಯಿಂದ ತಲೆ ಎತ್ತದೆ, ಅದು ಬೇಲಿಯ ಬಿದಿರು ಮುರಿದ ಸದ್ದು ಎಂದ. ಅತ್ತೆ ಅವನ ಕಡೆ ತಿರುಗಿದಳು. ಅವಳು ತಮ್ಮನಿಗೆ ಎದುರು ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಧ್ವನಿ ಏರಲಿಲ್ಲ.

"ಬಸಣ್ಣ, ಅದನ್ನ ಯಾತ್ರಲ್ಲಿ ತಗಂಡ್ಳು ಅವ್ಳು?"

ಅಪ್ಪ ಕಡುಬು ಮುರಿಯುತ್ತಿದ್ದ.

"ಹಕ್ಕಲಲ್ಲಿ. ಹಕ್ಕಲು ಆಯ್ದೋಳ್ದು. ಅದ್ರ್ ಮ್ಯಾಲೆ ಮನೆ ಮೂಟೆ ಇಡಂಗಿಲ್ಲ." ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನಾನ್ ಆಯ್ದ ಭತ್ತಾನ ಒಂದ್ಸಲ ನಮ್ಮಪ್ಪ ಮನೆ ಕಣಜಕ್ಕೆ ಸುರ್ದ್‌ಬುಟ್ಟ. ಎಲ್ಲಾ ಒಂದೇ ಅಲ್ವಾ ಅಂದ. ಆಮೇಲೆ ನಾನು ಆಯಕ್ಕೆ ಹೋಗ್ಲಿಲ್ಲ."

ಅಪ್ಪ ಕೈ ತೊಳೆದ. ತಟ್ಟೆಯಲ್ಲಿ ಅರ್ಧ ಕಡುಬು ಉಳಿದಿತ್ತು. ಎದ್ದು ಕೋಣೆಗೆ ಹೋಗಿ ಮೇಲಿನ ಮೂಟೆ ಎಳೆದು ಬೆನ್ನಿಗೆ ಹಾಕಿಕೊಂಡು ಜಗಲಿಗೆ ಹೊತ್ತ. ಆಮೇಲೆ ಇನ್ನೊಂದು. ಕೆಲಸದವರನ್ನು ಕೂಗಲಿಲ್ಲ, ನಾನು ಹಿಡಿಯಲು ಹೋದರೆ ಬೇಡ ಎಂದು ಕೈಯಾಡಿಸಿದ. ಆ ತುದಿಯದನ್ನು ಮಾತ್ರ ತೆಗೆದಿದ್ದರೆ ಸಾಕಿತ್ತು. ಅವನು ಎಲ್ಲವನ್ನೂ ಸಾಗಿಸಿದ, ನೆಲದ ಸಿಮೆಂಟು ಕಾಣುವ ತನಕ. ಮಾರದ ಕಾಫಿ ಜಗಲಿಯಲ್ಲಿ ದಾರಿಗೆ ಅಡ್ಡ ಬಿದ್ದಿತ್ತು. ಅಮ್ಮ ಅದನ್ನು ಬಳಸಿಕೊಂಡು ಓಡಾಡಿದಳು.

ಗಿಟಾರಿನ ಮುಖ ಒಳಕ್ಕೆ ಕುಸಿದಿತ್ತು. ತೂತಿನಿಂದ ಕೆಳಗೆ ಉದ್ದಕ್ಕೆ ಸೀಳು ಬಿಟ್ಟು, ಮರದ ಚೂರುಗಳು ಹೊಟ್ಟೆಯೊಳಗೆ ಇಳಿದಿದ್ದವು. ಎರಡು ತಂತಿ ಉಳಿದಿದ್ದವು. ಅಪ್ಪ ಅಂಟಿಸಿದ್ದ ಪಟ್ಟಿ ಮಾತ್ರ ಕದಲಿರಲಿಲ್ಲ. ಅದು ಕೂತಿದ್ದ ತುಂಡು ಮರವೇ ಒಳಗೆ ಬಾಗಿತ್ತು, ಪಟ್ಟಿ ಅದಕ್ಕೆ ಕಚ್ಚಿಕೊಂಡಿತ್ತು. ಅಪ್ಪ ಬೆವರಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಹೆಬ್ಬೆರಳಿನಿಂದ ಪಟ್ಟಿಯ ಅಂಚನ್ನು ಸವರಿ ನೋಡಿದ.

"ಅಂಟು ಬುಟ್ಟಿಲ್ಲ ನೋಡು," ಎಂದ. ಹೊರಗೆ ಹೋದ.

ನಾನು ಬಾಗಿಲು ಹಾಕಿಕೊಂಡೆ. ಖಾಲಿ ನೆಲದ ಮೇಲೆ, ಮೂಟೆಗಳ ಬುಡದ ಗುರುತು ಉಳಿದಿದ್ದಲ್ಲಿ ಕೂತು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೆ. ಕಿಟಕಿ ಪೂರ್ತಿ ತೆರೆದಿತ್ತು, ಕಣ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅಮ್ಮ ಕರೆದಳು. ಸವೀ, ಮೆಣಸಿಗೆ ದನ ಬಂತು. ಎದ್ದೇಬಿಡುತ್ತಿದ್ದೆ, ಆ ಹೆಸರು ಕೇಳಿದರೆ ಕಾಲು ತಾನೇ ಏಳುತ್ತಿತ್ತು. ಅಷ್ಟರಲ್ಲಿ ಅತ್ತೆಯ ಧ್ವನಿ ಕೇಳಿತು.

"ಕರೀಬ್ಯಾಡ ಬುಡು. ಬಾರಿಸ್ತಾವಳೆ."

ನಾನು ಇನ್ನೂ ತಂತಿ ಮುಟ್ಟಿರಲಿಲ್ಲ. ಕಿಟಕಿಯಲ್ಲಿ ಅತ್ತೆ ಕಂಡಳು. ಊದಿದ ಮಂಡಿಯ ಮೇಲೆ ಒಂದು ಕೈಯೂರಿ, ಇನ್ನೊಂದು ಕೈಯಲ್ಲಿ ಕೋಲು ಹಿಡಿದು, ಹೊಯ್ ಹೊಯ್ ಎನ್ನುತ್ತಾ ಬಿಸಿಲಿನಲ್ಲಿ ಕಣ ದಾಟಿದಳು. ದನ ಹೋಯಿತು. ಅವಳು ಹಿಂದಕ್ಕೆ ಬರಲಿಲ್ಲ. ನಾನು ಕಾಯಲು ಕೂರುತ್ತಿದ್ದ ಕಲ್ಲಿನ ಮೇಲೆ, ಸೆರಗನ್ನು ತಲೆಗೆ ಎಳೆದುಕೊಂಡು, ನಿಧಾನಕ್ಕೆ ಕೂತಳು. ಯಾರಾದರೂ ಒಬ್ಬರು ಅಲ್ಲಿ ಕೂರಲೇಬೇಕಿತ್ತು. ನಾನು ಎದ್ದು ಹೋಗಲಿಲ್ಲ. ಉಳಿದ ಎರಡರಲ್ಲಿ ದಪ್ಪನೆಯ ತಂತಿಯ ಮೇಲೆ ಬೆರಳಿಟ್ಟು ಒತ್ತಿದೆ.